ಕ್ಯಾರೆಟ್‌ನ ಬೀಟಾ-ಕ್ಯಾರೊಟೀನ್ ಅದರ ಒಟ್ಟು ಕ್ಯಾರೊಟಿನಾಯ್ಡ್‌ಗಿಂತ ಹೆಚ್ಚು ಬರುತ್ತಿದೆ: ಎಚ್‌ಪಿಎಲ್‌ಸಿಯಲ್ಲಿ ತಪ್ಪಿದ್ದೆಲ್ಲಿ?

ಹೊಂಗೆನೆರಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಆಹಾರ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಕ್ಯಾರೆಟ್, ನುಗ್ಗೆ ಸೊಪ್ಪು ಮತ್ತು ಬ್ಯಾಡಗಿ ಮೆಣಸಿನಕಾಯಿಗಳಲ್ಲಿರುವ ಕ್ಯಾರೊಟಿನಾಯ್ಡ್ ವರ್ಣದ್ರವ್ಯಗಳನ್ನು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಘಟಕಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ) ಅಳೆಯುವ ಕೆಲಸಕ್ಕೆ ಕೈಹಾಕಿ ಎಂಟು ತಿಂಗಳಾಯಿತು. ಇಷ್ಟು ದಿನ ಅಂಕಿಗಳು ನೆಟ್ಟಗೇ ಇವೆ ಎಂದುಕೊಂಡಿದ್ದೆ. ಕಳೆದ ವಾರ ಎರಡು ವಿಧಾನಗಳ ಫಲಿತಾಂಶಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಎದೆ ಧಸಕ್ಕೆಂದಿತು.

ಕ್ಯಾರೆಟ್ ತುರಿಯನ್ನು ಅಸಿಟೋನ್‌ನಲ್ಲಿ ಅರೆದು, ಬಣ್ಣವನ್ನು ಪೆಟ್ರೋಲಿಯಂ ಈಥರ್‌ಗೆ ಇಳಿಸಿ, ಅದೇ ಸಾರದ ಒಂದು ಭಾಗವನ್ನು ಬೆಳಕಿನ ಹೀರಿಕೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 450 ನ್ಯಾನೊಮೀಟರ್ ತರಂಗಾಂತರಕ್ಕೆ ಓದಿಸಿದರೆ ಒಟ್ಟು ಕ್ಯಾರೊಟಿನಾಯ್ಡ್ 100 ಗ್ರಾಂ ಹಸಿ ತೂಕಕ್ಕೆ 11.2 ಮಿಲಿಗ್ರಾಂ ಬರುತ್ತದೆ. ಅದೇ ಸಾರದ ಇನ್ನೊಂದು ಭಾಗವನ್ನು ಎಚ್‌ಪಿಎಲ್‌ಸಿಗೆ ಹಾಕಿದರೆ ಬೀಟಾ-ಕ್ಯಾರೊಟೀನ್ ಒಂದೇ 16.6 ಮಿಲಿಗ್ರಾಂ ಬರುತ್ತದೆ. ಒಟ್ಟು ಮೊತ್ತಕ್ಕಿಂತ ಅದರ ಒಂದು ಭಾಗ ದೊಡ್ಡದಾಗಿರಲು ಸಾಧ್ಯವಿಲ್ಲ ಎಂಬುದು ನನಗೂ ಗೊತ್ತು, ಆದರೆ ಮೂರು ಬಾರಿ ಮಾಡಿದರೂ ಫಲಿತಾಂಶ ಅದೇ.

ನಮ್ಮಲ್ಲಿರುವುದು 250 ಮಿಲಿಮೀಟರ್ ಉದ್ದದ ಸಾಮಾನ್ಯ ಸಿ18 ಕಾಲಮ್ (ಹದಿನೆಂಟು ಇಂಗಾಲದ ಸರಪಳಿ ಕೂರಿಸಿದ ಪುಡಿ ತುಂಬಿದ, ಘಟಕಗಳನ್ನು ಬೇರ್ಪಡಿಸುವ ಕೊಳವೆ). ಕಾಲಮ್ ಮೂಲಕ ಹರಿಯುವ ದ್ರವ, ಅಂದರೆ ಮೊಬೈಲ್ ಫೇಸ್ ಆಗಿ ಅಸಿಟೊನೈಟ್ರೈಲ್, ಮೆಥನಾಲ್ ಮತ್ತು ಈಥೈಲ್ ಅಸಿಟೇಟ್‌ಗಳ ಮಿಶ್ರಣವನ್ನು ನಿಮಿಷಕ್ಕೆ 1 ಮಿಲಿಲೀಟರ್‌ನಂತೆ ಹರಿಸುತ್ತೇನೆ. 5 ಮಿಲಿಗ್ರಾಂ ಬೀಟಾ-ಕ್ಯಾರೊಟೀನ್ ಸ್ಟ್ಯಾಂಡರ್ಡನ್ನು (ಹೋಲಿಕೆಗೆ ಬಳಸುವ ಶುದ್ಧ ವಸ್ತುವನ್ನು) 50 ಮಿಲಿಲೀಟರ್ ಹೆಕ್ಸೇನ್‌ನಲ್ಲಿ ಕರಗಿಸಿ ಫ್ರೀಜರ್‌ನಲ್ಲಿ ಇಟ್ಟಿದ್ದೇನೆ. ಬೇಕಾದಾಗ ತೆಗೆದು, ದುರ್ಬಲಗೊಳಿಸಿ, 20 ಮೈಕ್ರೋಲೀಟರ್ ಇಂಜೆಕ್ಟ್ ಮಾಡುತ್ತೇನೆ. ಮಾದರಿಗಳನ್ನೂ ಪೆಟ್ರೋಲಿಯಂ ಈಥರ್‌ನಲ್ಲಿರುವಂತೆಯೇ ಹಾಕುತ್ತೇನೆ.

ಇನ್ನೂ ಮೂರು ತೊಂದರೆಗಳಿವೆ. ಕ್ಯಾರೆಟ್‌ನ ಮುಖ್ಯ ಪೀಕ್‌ಗೆ (ಒಂದು ಘಟಕ ಹೊರಬಂದಾಗ ಯಂತ್ರದ ಗ್ರಾಫ್‌ನಲ್ಲಿ ಏಳುವ ಶಿಖರಕ್ಕೆ) ಎಡಭಾಗದಲ್ಲಿ ಒಂದು ಭುಜ ಕಾಣಿಸುತ್ತದೆ. ನುಗ್ಗೆ ಸೊಪ್ಪಿನಲ್ಲಿ ಲುಟೀನ್ ಎಂಬ ಹಳದಿ ಕ್ಯಾರೊಟಿನಾಯ್ಡ್‌ನ ಪೀಕ್ ಎರಡಾಗಿ ಸೀಳುತ್ತದೆ. ಬೆಳಿಗ್ಗೆ ಹಾಕಿದ ವಯಲ್ಲನ್ನೇ ಸಂಜೆ ಮತ್ತೆ ಹಾಕಿದರೆ ಪೀಕ್ ಚಿಕ್ಕದಾಗಿರುತ್ತದೆ. ಇವೆಲ್ಲವೂ ಒಂದೇ ಕಾಯಿಲೆಯ ಲಕ್ಷಣಗಳೋ ಬೇರೆ ಬೇರೆಯೋ ತಿಳಿಯುತ್ತಿಲ್ಲ. ಕಾಲಮ್ ಹಳೆಯದಾಗಿದೆ, ಬದಲಿಸಿ ಎಂದು ಪ್ರಯೋಗಾಲಯದಲ್ಲಿ ಹೇಳುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ದಾರಿ ತೋರಿಸಬೇಕು.

ಸೀಮೆಸುಣ್ಣ

ಮೇಡಂ, ಕಾಲಮ್‌ಗೆ ಹಣ ಹಾಕುವ ಮೊದಲು ನಿಮ್ಮ ಫ್ರೀಜರ್‌ನಲ್ಲಿರುವ ಆ ಬಾಟಲಿಯನ್ನು ಹೊರಗೆ ತೆಗೆಯಿರಿ. ಕಾಲಮ್ ಸವೆದರೆ ಪೀಕ್ ಅಗಲವಾಗುತ್ತದೆ, ಬಾಲ ಬೆಳೆಸಿಕೊಳ್ಳುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಆದರೆ ಅದು ಮಾದರಿಗೂ ಸ್ಟ್ಯಾಂಡರ್ಡ್‌ಗೂ ಸಮನಾಗಿಯೇ ಆಗುತ್ತದೆ. ಮಾದರಿಯ ಅಂಕಿ ಮಾತ್ರ ಒಂದೂವರೆ ಪಟ್ಟಿನಷ್ಟು ಏರಬೇಕಾದರೆ, ಸ್ಟ್ಯಾಂಡರ್ಡ್‌ನಲ್ಲಿ ನೀವು ಲೇಬಲ್ ಮೇಲೆ ಬರೆದಷ್ಟು ಬೀಟಾ-ಕ್ಯಾರೊಟೀನ್ ಇಲ್ಲ ಎಂದೇ ಅರ್ಥ. 100 ಎಂದು ಬರೆದಿರುವ ದ್ರಾವಣದಲ್ಲಿ ನಿಜವಾಗಿ 60 ಇದ್ದರೆ, ಆ 60ರ ಪೀಕ್‌ಗೆ ನೀವು 100ರ ಬೆಲೆ ಕಟ್ಟುತ್ತೀರಿ, ಮಾದರಿಯ ಪ್ರತಿಯೊಂದು ಪೀಕ್ ಕೂಡ ಅದೇ ಪ್ರಮಾಣದಲ್ಲಿ ಉಬ್ಬುತ್ತದೆ. ಕಡಿಮೆ ತೂಗುವ ತೂಕದ ಬಟ್ಟನ್ನು ಒಂದು ಕಿಲೋ ಎಂದು ನಂಬಿ ತೂಗಿದರೆ ಬೆಲ್ಲವೆಲ್ಲ ಹೆಚ್ಚು ತೂಗಿದಂತೆ ಕಾಣುವುದಿಲ್ಲವೇ, ಹಾಗೆಯೇ ಇದು.

ಕ್ಯಾರೊಟಿನಾಯ್ಡ್‌ಗಳ ವಿಷಯದಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ: ಸ್ಟ್ಯಾಂಡರ್ಡ್‌ನ ಸಾಂದ್ರತೆಯನ್ನು ತಕ್ಕಡಿ ಹೇಳಬಾರದು, ಸ್ಪೆಕ್ಟ್ರೋಫೋಟೋಮೀಟರ್ ಹೇಳಬೇಕು. ಹನ್ನೊಂದು ಜೋಡಿಬಂಧಗಳ ಸಾಲಿರುವ ಈ ಅಣು ಬೆಳಕು, ಆಮ್ಲಜನಕ, ಆಮ್ಲ, ಬಿಸಿ ಯಾವುದನ್ನೂ ತಾಳಿಕೊಳ್ಳುವುದಿಲ್ಲ. ಹೊಸದಾಗಿ ತಂದ ಆಂಪೂಲ್ ಒಡೆದ ದಿನದಿಂದಲೇ ಅದರ ಶುದ್ಧತೆ ಇಳಿಯತೊಡಗುತ್ತದೆ. ತಕ್ಕಡಿಗೆ ಒಳ್ಳೆಯ ಕ್ಯಾರೊಟೀನ್ ಮತ್ತು ಕೆಟ್ಟ ಕ್ಯಾರೊಟೀನ್ ಎರಡೂ ಒಂದೇ.

ಹೀಗೆ ಪರೀಕ್ಷಿಸಿ. ನಿಮ್ಮ ಮೂಲ ದ್ರಾವಣ ಲೇಬಲ್ ಪ್ರಕಾರ ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ. ಅದರಿಂದ 1 ಮಿಲಿಲೀಟರ್ ತೆಗೆದು, ಸಾರಜನಕದ ಕೆಳಗೆ ಹೆಕ್ಸೇನ್ ಆರಿಸಿ, ಪೆಟ್ರೋಲಿಯಂ ಈಥರ್‌ನಲ್ಲಿ 25 ಮಿಲಿಲೀಟರ್‌ಗೆ ತುಂಬಿಸಿದರೆ ಮಿಲಿಲೀಟರ್‌ಗೆ 4 ಮೈಕ್ರೋಗ್ರಾಂ ಇರಬೇಕು. ಪೆಟ್ರೋಲಿಯಂ ಈಥರ್‌ನಲ್ಲಿ 450 ನ್ಯಾನೊಮೀಟರ್‌ಗೆ ಬೀಟಾ-ಕ್ಯಾರೊಟೀನ್‌ನ ಶೇಕಡಾ 1ರ ದ್ರಾವಣದ ಹೀರಿಕೆ 1 ಸೆಂಟಿಮೀಟರ್ ಕೋಶದಲ್ಲಿ 2592. ಆ ಲೆಕ್ಕದಂತೆ ನಿಮಗೆ ಸುಮಾರು 1.04 ಹೀರಿಕೆ ಸಿಗಬೇಕು. ಸಿಕ್ಕದ್ದನ್ನು 2592ರಿಂದ ಭಾಗಿಸಿದರೆ 100 ಮಿಲಿಲೀಟರ್‌ನಲ್ಲಿರುವ ಗ್ರಾಂ ಬರುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಅದೇ ದ್ರಾವಣವನ್ನು ಎಚ್‌ಪಿಎಲ್‌ಸಿಗೆ ಹಾಕಿ, 450ರಲ್ಲಿ ಕಾಣುವ ಎಲ್ಲ ಪೀಕ್‌ಗಳ ವಿಸ್ತೀರ್ಣದಲ್ಲಿ ಮುಖ್ಯ ಪೀಕ್‌ನ ಪಾಲೆಷ್ಟು ಎಂದು ನೋಡಿ, ಸಾಂದ್ರತೆಯನ್ನು ಆ ಪಾಲಿನಿಂದ ಗುಣಿಸಿ. ಸ್ಟ್ಯಾಂಡರ್ಡ್ ಬಳಸುವ ಪ್ರತಿದಿನವೂ ಇದನ್ನು ಮಾಡಬೇಕು. ಲುಟೀನ್‌ಗೆ ಎಥನಾಲ್‌ನಲ್ಲಿ 445ಕ್ಕೆ 2550, ಆಲ್ಫಾ-ಕ್ಯಾರೊಟೀನ್‌ಗೆ ಪೆಟ್ರೋಲಿಯಂ ಈಥರ್‌ನಲ್ಲಿ 444ಕ್ಕೆ 2800, ಲೈಕೊಪೀನ್‌ಗೆ ಅದೇ ಈಥರ್‌ನಲ್ಲಿ 470ಕ್ಕೆ 3450 ಎಂಬ ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ದ್ರಾವಕ ಬದಲಾದರೆ ಅಂಕಿಯೂ ಬದಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಇನ್ನೊಂದು ಸಣ್ಣ ವಿಷಯ. ಬಾಟಲಿಯನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಬೆಳಕಿಗೆ ಹಿಡಿದು ತಳ ನೋಡಿ. ಕುಂಕುಮದ ಕಣಗಳಂಥ ಕೆಂಪು ಹುಡಿ ಕುಳಿತಿದ್ದರೆ, ತಣ್ಣಗಿರುವಾಗ ಹರಳುಗಟ್ಟಿದ ಕ್ಯಾರೊಟೀನ್ ಅದು. ನೀವು ಮೇಲಿನ ತೆಳುವಾದ ದ್ರಾವಣವನ್ನಷ್ಟೇ ಪಿಪೆಟ್‌ನಲ್ಲಿ ಎಳೆದುಕೊಳ್ಳುತ್ತಿದ್ದೀರಿ.

ನಷ್ಟದ ಲೆಕ್ಕ ಸಿಗಬೇಕೆಂದರೆ ಅರೆಯುವ ಹಂತದಲ್ಲೇ ಬೀಟಾ-ಅಪೊ-8′-ಕ್ಯಾರೊಟೆನಾಲನ್ನು ಆಂತರಿಕ ಸ್ಟ್ಯಾಂಡರ್ಡ್ ಆಗಿ (ಗೊತ್ತಿರುವ ಪ್ರಮಾಣದಲ್ಲಿ ಮಾದರಿಗೇ ಬೆರೆಸುವ ವಸ್ತುವಾಗಿ) ಸೇರಿಸಿಕೊಳ್ಳುವುದೂ ಒಳ್ಳೆಯದು.

ಹೊಂಗೆನೆರಳು

ಸರ್, ನಿಮ್ಮ ಮಾತು ಅಕ್ಷರಶಃ ನಿಜವಾಯಿತು. ಬಾಟಲಿಯ ತಳದಲ್ಲಿ ಕೆಂಪು ಹುಡಿ ಉಂಗುರದಂತೆ ಕುಳಿತಿತ್ತು. ಕೋಣೆಯ ಉಷ್ಣತೆಗೆ ಬಂದ ಮೇಲೆ ಚೆನ್ನಾಗಿ ಅಲುಗಾಡಿಸಿ, ಹರಳೆಲ್ಲ ಕರಗಿದ್ದನ್ನು ನೋಡಿಕೊಂಡು ಓದಿಸಿದರೂ 1.04ರ ಬದಲು 0.81 ಬಂತು. ನಾನು ಇಷ್ಟು ದಿನ ಮಾಡುತ್ತಿದ್ದಂತೆ, ತಣ್ಣಗಿರುವಾಗಲೇ ಮೇಲಿನಿಂದ ತೆಗೆದ ದ್ರಾವಣದಲ್ಲಿ 0.648 ಬಂತು. ಅಂದರೆ ಮಿಲಿಲೀಟರ್‌ಗೆ 4ರ ಬದಲು 2.5 ಮೈಕ್ರೋಗ್ರಾಂ. ಮುಖ್ಯ ಪೀಕ್‌ನ ಪಾಲು ಶೇಕಡಾ 94. ಎರಡನ್ನೂ ಸೇರಿಸಿದರೆ ನನ್ನ 100 ಮೈಕ್ರೋಗ್ರಾಂ ನಿಜದಲ್ಲಿ 58.75. ಆ ಲೆಕ್ಕದಲ್ಲಿ ಕ್ಯಾರೆಟ್‌ನ 16.6 ಇಳಿದು 9.75 ಆಗುತ್ತದೆ, ಒಟ್ಟು 11.2ರ ಒಳಗೆ ಕೂರುತ್ತದೆ.

ಹಾಗಾದರೆ ಪೀಕ್‌ನ ಭುಜ, ಸೀಳಿದ ಲುಟೀನ್, ಸಂಜೆಯ ಇಳಿಕೆ ಇವುಗಳಿಗೆ ಕಾರಣ ಬೇರೆಯೇ ಇರಬೇಕಲ್ಲವೇ?

ಇಂಗಾಲ ಮೂವತ್ತು

ಬೇರೆಯೇ ಹೌದು, ಮತ್ತು ಮೂರಕ್ಕೂ ಬೇರೆ ಬೇರೆ.

ಆ ಭುಜ ಆಲ್ಫಾ-ಕ್ಯಾರೊಟೀನ್. ಆಲ್ಫಾ ಮತ್ತು ಬೀಟಾಗಳ ನಡುವಿನ ವ್ಯತ್ಯಾಸ ಅಣುವಿನ ಒಂದು ತುದಿಯ ಉಂಗುರದಲ್ಲಿ ಒಂದೇ ಒಂದು ಜೋಡಿಬಂಧದ ಜಾಗ. ಸಾಮಾನ್ಯ ಸಿ18 ಕಾಲಮ್‌ಗೆ ಅಷ್ಟು ಸೂಕ್ಷ್ಮ ಕಣ್ಣಿಲ್ಲ. ಮೇಲಿನ ಉತ್ತರ ಬರೆದವರ ಹೆಸರು ನೋಡಿ ನೆನಪಾಯಿತು: ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ಸಾರವನ್ನು ಇಳಿಸಿ ಹಸಿರು, ಹಳದಿ ಪಟ್ಟೆಗಳನ್ನು ಬೇರ್ಪಡಿಸಿ, 1906ರಲ್ಲಿ ಆ ವಿಧಾನಕ್ಕೆ ಕ್ರೊಮ್ಯಾಟೊಗ್ರಫಿ ಎಂಬ ಹೆಸರಿಟ್ಟು ಪ್ರಕಟಿಸಿದ್ದರೂ, ಹೆಚ್ಚಿನ ರಸಾಯನ ವಿಜ್ಞಾನಿಗಳು ಕಾಲು ಶತಮಾನ ಅದರತ್ತ ತಿರುಗಿ ನೋಡಲಿಲ್ಲ. 1931ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ರಿಚರ್ಡ್ ಕುನ್ ಮತ್ತು ಸಂಗಡಿಗರು ಅದೇ ವಿಧಾನದಿಂದ ಕ್ಯಾರೆಟ್‌ನ ಕ್ಯಾರೊಟೀನನ್ನು ಆಲ್ಫಾ ಮತ್ತು ಬೀಟಾ ಎಂದು ಬಿಡಿಸಿ ತೋರಿಸಿದ ಮೇಲೆಯೇ ಅದು ಮತ್ತೆ ಚಲಾವಣೆಗೆ ಬಂದದ್ದು. ನಿಮ್ಮ ಕಾಲಮ್ ಆ ಎರಡನ್ನು ಮತ್ತೆ ಒಂದಾಗಿಸುತ್ತಿದೆ.

ಇದಕ್ಕೆ ಒಳ್ಳೆಯ ಪರಿಹಾರ ಸಿ30 ಕಾಲಮ್. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್‌ನ ಲೇನ್ ಸ್ಯಾಂಡರ್ ಮತ್ತು ಜೊತೆಗಾರರು ಕ್ಯಾರೊಟಿನಾಯ್ಡ್‌ಗಳಿಗೆಂದೇ ಇದನ್ನು ರೂಪಿಸಿ 1994ರಲ್ಲಿ ಪ್ರಕಟಿಸಿದರು. ಉದ್ದನೆಯ ಕ್ಯಾರೊಟೀನ್ ಅಣುವಿಗೆ ಮೂವತ್ತು ಇಂಗಾಲದ ಉದ್ದನೆಯ ಸರಪಳಿಯೇ ಸರಿಯಾದ ಜೋಡಿ. ಮೆಥನಾಲ್ ಮತ್ತು ಮೀಥೈಲ್ ಟರ್ಷಿಯರಿ ಬ್ಯೂಟೈಲ್ ಈಥರ್‌ನ ಗ್ರೇಡಿಯೆಂಟ್‌ನಲ್ಲಿ (ಅನುಪಾತ ಹಂತಹಂತವಾಗಿ ಬದಲಾಗುವ ಮಿಶ್ರಣದಲ್ಲಿ), ಕಾಲಮ್ಮನ್ನು 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿಟ್ಟರೆ ಮೊದಲು 13-ಸಿಸ್-ಬೀಟಾ (ಸಿಸ್ ಎಂದರೆ ಅಣುವಿನ ಸರಪಳಿ ಬಾಗಿದ ರೂಪ, ಟ್ರಾನ್ಸ್ ಎಂದರೆ ನೇರ ರೂಪ), ನಂತರ ಆಲ್ಫಾ, ಅದರ ಹಿಂದೆ ಟ್ರಾನ್ಸ್-ಬೀಟಾ, ಕೊನೆಗೆ 9-ಸಿಸ್-ಬೀಟಾ ಹೊರಬರುತ್ತವೆ. ಸಿಸ್ ರೂಪಗಳನ್ನು ಗುರುತಿಸಲು, ಹಲವು ತರಂಗಾಂತರಗಳನ್ನು ಒಟ್ಟಿಗೆ ಓದುವ ಡಯೋಡ್ ಅರೇ ಡಿಟೆಕ್ಟರ್‌ನಲ್ಲಿ 340 ನ್ಯಾನೊಮೀಟರ್ ಸುತ್ತ ಏಳುವ ಚಿಕ್ಕ ಉಬ್ಬನ್ನು ನೋಡಿ. ಅದು 13-ಸಿಸ್‌ನಲ್ಲಿ ಎದ್ದು ಕಾಣುತ್ತದೆ, 9-ಸಿಸ್‌ನಲ್ಲಿ ಅಷ್ಟಿಲ್ಲ. ಪೀಕ್‌ಗಳನ್ನು ಹೀಗೆ ಬಿಡಿಸುವುದು ಐಷಾರಾಮದ ಮಾತಲ್ಲ. 2001ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಪ್ಪಿದ ಲೆಕ್ಕದಲ್ಲಿ 12 ಮೈಕ್ರೋಗ್ರಾಂ ಬೀಟಾ-ಕ್ಯಾರೊಟೀನ್ 1 ಮೈಕ್ರೋಗ್ರಾಂ ರೆಟಿನಾಲ್‌ಗೆ ಸಮ. ಆಲ್ಫಾ ಆದರೆ 24 ಬೇಕು. ಎರಡನ್ನೂ ಒಂದೇ ಪೀಕ್ ಎಂದು ಎಣಿಸಿದರೆ ಎ ಜೀವಸತ್ವದ ಅಂಕಿ ಸುಮ್ಮನೆ ಉಬ್ಬುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳಿಗೆ ಹೊರತಂದ ಕೋಷ್ಟಕಗಳಲ್ಲಿ ಆಲ್ಫಾ, ಬೀಟಾ, ಲುಟೀನ್, ಝಿಯಾಝಾಂಥಿನ್‌ಗಳನ್ನೆಲ್ಲ ಬೇರೆ ಬೇರೆಯಾಗಿ ಕೊಟ್ಟಿರುವುದು ಇಂಥ ಕಾರಣಗಳಿಗಾಗಿಯೇ. ನೀವು ನಿಮ್ಮ ಅಂಕಿಗಳನ್ನು ಅದರೊಂದಿಗೆ ಹೋಲಿಸಬೇಕಾದರೂ ಪೀಕ್‌ಗಳು ಬೇರೆಯಾಗಿರಲೇಬೇಕು.

ಲುಟೀನ್ ಸೀಳಲು ನಿಮ್ಮ ಇಂಜೆಕ್ಷನ್ ಕಾರಣ. ಮಾದರಿ ಪೆಟ್ರೋಲಿಯಂ ಈಥರ್‌ನಲ್ಲಿದೆ, ಮೊಬೈಲ್ ಫೇಸ್ ಅಸಿಟೊನೈಟ್ರೈಲ್ ಮತ್ತು ಮೆಥನಾಲ್‌ನಲ್ಲಿದೆ. ಅವು ಚೆನ್ನಾಗಿ ಬೆರೆಯುವುದೂ ಇಲ್ಲ. 20 ಮೈಕ್ರೋಲೀಟರ್ ಈಥರ್‌ನ ಮುದ್ದೆ ಕಾಲಮ್‌ಗೆ ಇಳಿದಾಗ ಲುಟೀನ್‌ನ ಒಂದು ಪಾಲು ಅದರ ಜೊತೆಯಲ್ಲೇ ಓಡುತ್ತದೆ, ಉಳಿದದ್ದು ಮೊಬೈಲ್ ಫೇಸ್ ಸಿಕ್ಕ ಮೇಲೆ ನಿಧಾನವಾಗಿ ನಡೆಯುತ್ತದೆ. ಮೊದಲು ಹೊರಬರುವ ಲುಟೀನ್‌ನಂಥವುಗಳಿಗೇ ಈ ಪೆಟ್ಟು ಹೆಚ್ಚು. ಆದ್ದರಿಂದ ಸಾರವನ್ನು ಸಾರಜನಕದಲ್ಲಿ ಆರಿಸಿ, ಸ್ವಲ್ಪವೇ ಮೀಥೈಲ್ ಟರ್ಷಿಯರಿ ಬ್ಯೂಟೈಲ್ ಈಥರ್‌ನಲ್ಲಿ ಕರಗಿಸಿ, ಮೆಥನಾಲ್‌ನಿಂದ ಉಳಿದದ್ದನ್ನು ತುಂಬಿಸಿ, 5ರಿಂದ 10 ಮೈಕ್ರೋಲೀಟರ್ ಮಾತ್ರ ಹಾಕಿ.

ನುಗ್ಗೆ ಸೊಪ್ಪಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಕ್ಲೋರೊಫಿಲ್ ಬಿ ಕೂಡ 450ರ ಸುತ್ತ ಜೋರಾಗಿಯೇ ಹೀರುತ್ತದೆ, ಲುಟೀನ್ ಮತ್ತು ಬೀಟಾ-ಕ್ಯಾರೊಟೀನ್‌ಗಳ ನಡುವೆ ಬಂದು ಕೂರುತ್ತದೆ. ಅದನ್ನು ಹೊಸದೊಂದು ಕ್ಯಾರೊಟಿನಾಯ್ಡ್ ಎಂದು ಸಂಭ್ರಮಿಸಿದವರಲ್ಲಿ ನಾನೂ ಒಬ್ಬ. ಸಂಶಯ ಬಂದರೆ 640ರಿಂದ 660 ನ್ಯಾನೊಮೀಟರ್‌ನ ಕೆಂಪು ಭಾಗ ನೋಡಿ. ಅಲ್ಲಿ ಹೀರಿಕೆ ಇದ್ದರೆ ಅದು ಕ್ಲೋರೊಫಿಲ್, ಕ್ಯಾರೊಟಿನಾಯ್ಡ್‌ಗಳು ಅಲ್ಲಿ ಏನನ್ನೂ ತೋರಿಸುವುದಿಲ್ಲ.

ಸಂಜೆಯ ಇಳಿಕೆಗೆ ಹೆಚ್ಚು ಹೇಳಬೇಕಿಲ್ಲ: ಪಾರದರ್ಶಕ ವಯಲ್, ಟ್ಯೂಬ್‌ಲೈಟ್, ತಂಪಿಲ್ಲದ ಆಟೊಸ್ಯಾಂಪ್ಲರ್. ಕಂದು ಬಣ್ಣದ ವಯಲ್ ಬಳಸಿ, ದ್ರಾವಕಗಳಿಗೆ ಆಮ್ಲಜನಕದ ಹಾನಿ ತಡೆಯುವ ಬಿಎಚ್‌ಟಿಯನ್ನು ಶೇಕಡಾ 0.1ರಷ್ಟು ಸೇರಿಸಿ, ಪ್ರತಿ ಹತ್ತು ಮಾದರಿಗಳಿಗೊಮ್ಮೆ ಸ್ಟ್ಯಾಂಡರ್ಡ್ ಹಾಕಿ.

ಕೆಂಪು ಡಬ್ಬಿ

ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ಮಸಾಲೆ ಪದಾರ್ಥಗಳ ಪರೀಕ್ಷೆಯಲ್ಲೇ ನನ್ನ ಹೆಚ್ಚಿನ ದಿನಗಳು ಕಳೆದಿವೆ.

ಕ್ಯಾರೆಟ್‌ಗೂ ಸೊಪ್ಪಿಗೂ ಸಪಾನಿಫಿಕೇಶನ್, ಅಂದರೆ ಕ್ಷಾರದಲ್ಲಿ ಎಸ್ಟರ್‌ಗಳನ್ನು ಒಡೆಯುವ ಹಂತ, ಬೇಕಿಲ್ಲ. ಮಾಡಿದರೆ ನಷ್ಟವೇ ಹೆಚ್ಚು. ಮೆಣಸಿನಕಾಯಿಯಲ್ಲಿ ಅದಿಲ್ಲದೆ ದಾರಿಯಿಲ್ಲ. ಬ್ಯಾಡಗಿಗೆ ಆ ಕಡುಗೆಂಪು ಕೊಡುವ ಕ್ಯಾಪ್ಸಾಂಥಿನ್ ಹಣ್ಣಾದ ಕಾಯಿಯಲ್ಲಿ ಬಿಡಿಯಾಗಿರುವುದು ಕಡಿಮೆ. ಹೆಚ್ಚಿನದು ಲಾರಿಕ್, ಮಿರಿಸ್ಟಿಕ್, ಪಾಮಿಟಿಕ್ ಮುಂತಾದ ಕೊಬ್ಬಿನಾಮ್ಲಗಳನ್ನು ಒಂದು ಕಡೆಯೋ ಎರಡೂ ಕಡೆಯೋ ಅಂಟಿಸಿಕೊಂಡಿರುತ್ತದೆ. ಒಂದೇ ವರ್ಣದ್ರವ್ಯ ಹತ್ತಾರು ವೇಷಗಳಲ್ಲಿ ಬರುವುದರಿಂದ ನೇರವಾಗಿ ಇಂಜೆಕ್ಟ್ ಮಾಡಿದರೆ ಕ್ರೊಮ್ಯಾಟೊಗ್ರಾಂನ ಉತ್ತರಾರ್ಧ ಬಿದಿರು ಮೆಳೆಯಂತೆ ಕಾಣುತ್ತದೆ. ಮಾವು, ಪರಂಗಿಯಲ್ಲೂ ಈ ಎಸ್ಟರ್‌ಗಳ ತೊಡಕು ಇದೆ.

ಪೆಟ್ರೋಲಿಯಂ ಈಥರ್ ಸಾರಕ್ಕೆ ಸಮಪ್ರಮಾಣದ ಶೇಕಡಾ 10ರ ಮೆಥನಾಲ್-ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿ, ಬಿಎಚ್‌ಟಿ ಹಾಕಿ, ಸಾರಜನಕ ತುಂಬಿ, ಕತ್ತಲಲ್ಲಿ ಕೋಣೆಯ ಉಷ್ಣತೆಯಲ್ಲೇ ರಾತ್ರಿಯಿಡೀ ಬಿಡುವುದು ಸುರಕ್ಷಿತ. ಬೇಗ ಮುಗಿಸಲು ಕಾಯಿಸಿದರೆ ಬಣ್ಣ ನಿಮ್ಮ ಕಣ್ಣೆದುರೇ ಮಾಸುತ್ತದೆ. ಬೆಳಿಗ್ಗೆ ಸೆಪರೇಟಿಂಗ್ ಫನಲ್‌ನಲ್ಲಿ ನೀರು ಹಾಕಿ ಕ್ಷಾರ ಹೋಗುವವರೆಗೆ ತೊಳೆಯಿರಿ, ಆದರೆ ಮೊದಲ ಎರಡು ತೊಳೆತದಲ್ಲಿ ಫನಲ್ಲನ್ನು ಜೋರಾಗಿ ಕುಲುಕಬೇಡಿ. ಕುಲುಕಿದರೆ ನಡುವೆ ಮಜ್ಜಿಗೆಯ ನೊರೆಯಂಥ ಪದರ ನಿಂತುಬಿಡುತ್ತದೆ. ಒಂದಿಷ್ಟು ಉಪ್ಪಿನ ನೀರು ಬಿಟ್ಟರೆ ಅದು ಒಡೆಯುತ್ತದೆ. ತೊಳೆದ ನೀರನ್ನು ಚೆಲ್ಲುವ ಮೊದಲು ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಹಳದಿ ಛಾಯೆ ಇದ್ದರೆ ನಿಮ್ಮ ಕ್ಯಾಪ್ಸಾಂಥಿನ್ ಸಿಂಕ್‌ಗೆ ಹೋಗಲು ಹೊರಟಿದೆ ಎಂದರ್ಥ. ಡೈಈಥೈಲ್ ಈಥರ್‌ನಿಂದ ಅದನ್ನು ಮರಳಿ ಎಳೆದುಕೊಳ್ಳಿ.

ಸೀಮೆಸುಣ್ಣ ಅವರ ಒಂದು ಸಲಹೆಗೆ ಮಾತ್ರ ನನ್ನ ತಕರಾರಿದೆ. ಬೀಟಾ-ಅಪೊ-8′-ಕ್ಯಾರೊಟೆನಾಲ್ ಒಂದು ಆಲ್ಡಿಹೈಡ್. ಸಾರದಲ್ಲಿ ಅಸಿಟೋನ್ ಉಳಿದಿದ್ದು ಅದಕ್ಕೆ ಕ್ಷಾರ ಬಿದ್ದರೆ ಎರಡೂ ಕೂಡಿ ಸಿಟ್ರಾನಾಝಾಂಥಿನ್ ಎಂಬ ಬೇರೆಯೇ ವರ್ಣದ್ರವ್ಯವಾಗುತ್ತದೆ. ಆಂತರಿಕ ಸ್ಟ್ಯಾಂಡರ್ಡ್ ಕಡಿಮೆಯಾದದ್ದನ್ನು ನೋಡಿ ನೀವು ಮಾದರಿಯಲ್ಲಿ ನಷ್ಟವಾಗಿದೆ ಎಂದು ತಿದ್ದಲು ಹೋಗುತ್ತೀರಿ. ಕ್ಯಾರೆಟ್‌ಗೆ ಹಾಕಿ, ಮೆಣಸಿನಕಾಯಿಗೆ ಬೇಡ. ಹಾಕಲೇಬೇಕೆಂದರೆ ಅಸಿಟೋನ್ ಪೂರ್ತಿ ತೊಳೆದುಹೋದ ಮೇಲೆ.

ಕೊನೆಯದಾಗಿ, ವ್ಯಾಪಾರದಲ್ಲಿ ಬ್ಯಾಡಗಿಯ ಬಣ್ಣ ಅಳೆಯುವ ಆಸ್ಟಾ ಮೌಲ್ಯವನ್ನು ನಿಮ್ಮ ಎಚ್‌ಪಿಎಲ್‌ಸಿ ಮೊತ್ತದೊಂದಿಗೆ ತಾಳೆ ಹಾಕಲು ಹೋಗಬೇಡಿ. ಅದು ಅಸಿಟೋನ್ ಸಾರದ 460 ನ್ಯಾನೊಮೀಟರ್ ಹೀರಿಕೆಯನ್ನು 16.4ರಿಂದ ಗುಣಿಸಿ, ಉಪಕರಣದ ತಿದ್ದುಪಡಿ ಸೇರಿಸಿ, ಮಾದರಿಯ ತೂಕದಿಂದ ಭಾಗಿಸಿದ ಅಂಕಿ. ಕೆಂಪು ಎಷ್ಟು, ಹಳದಿ ಎಷ್ಟು ಎಂಬುದು ಅದಕ್ಕೆ ಗೊತ್ತಿಲ್ಲ. ಕ್ಯಾಪ್ಸಾಂಥಿನ್ ದೇಹದಲ್ಲಿ ಎ ಜೀವಸತ್ವವಾಗುವುದಿಲ್ಲ. ಆ ಕೆಲಸಕ್ಕೆ ಮೆಣಸಿನಕಾಯಿಯಲ್ಲಿರುವುದು ಬೀಟಾ-ಕ್ಯಾರೊಟೀನ್ ಮತ್ತು ಬೀಟಾ-ಕ್ರಿಪ್ಟೊಝಾಂಥಿನ್. ಆದ್ದರಿಂದ ಆಸ್ಟಾ ಹೆಚ್ಚಿರುವ ಕಾಯಿಯಲ್ಲಿ ಜೀವಸತ್ವವೂ ಹೆಚ್ಚು ಎಂದು ಪ್ರಬಂಧದಲ್ಲಿ ಬರೆಯಬೇಡಿ.

ಸೀಮೆಸುಣ್ಣ

ಕೆಂಪು ಡಬ್ಬಿ ಅವರ ತಿದ್ದುಪಡಿ ಸರಿಯಾಗಿದೆ. ನಾನು ಕ್ಯಾರೆಟ್ ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೆ.

ಹೊಂಗೆನೆರಳು

ಪಕ್ಕದ ವಿಭಾಗದಲ್ಲಿ ಒಂದು ಸಿ30 ಕಾಲಮ್ ಸಿಕ್ಕಿತು. ಹೊಸ ಸ್ಟ್ಯಾಂಡರ್ಡ್ ತಂದು, ಅಂದೇ ಓದಿಸಿ, ಅಂದೇ ಬಳಸಿದೆ. ಅದೇ ಕ್ಯಾರೆಟ್‌ನ ಫ್ರೀಜರ್‌ನಲ್ಲಿದ್ದ ತುರಿಯಲ್ಲಿ ಈಗ ಟ್ರಾನ್ಸ್-ಬೀಟಾ 6.4, ಆಲ್ಫಾ 3.1, ಸಿಸ್ ರೂಪಗಳು 0.3, ಲುಟೀನ್ 0.4 ಮಿಲಿಗ್ರಾಂ ಬಂದಿವೆ. ಒಟ್ಟು 10.2, ಸ್ಪೆಕ್ಟ್ರೋಫೋಟೋಮೀಟರ್‌ನ 11.2ಕ್ಕೆ ಹತ್ತಿರ. ಟ್ರಾನ್ಸ್-ಬೀಟಾ ಮತ್ತು ಆಲ್ಫಾಗಳಿಂದ ಎ ಜೀವಸತ್ವ ಸುಮಾರು 660 ಮೈಕ್ರೋಗ್ರಾಂ ಆಗುತ್ತದೆ. ಮೊದಲಿನ 16.6ನ್ನು ಪೂರ್ತಿ ಬೀಟಾ ಎಂದುಕೊಂಡಿದ್ದಾಗ ಅದು 1,380 ದಾಟಿತ್ತು. ಲುಟೀನ್ ಪೀಕ್ ಕೂಡ ಒಂದಾಗಿ, ನೆಟ್ಟಗೆ ನಿಂತಿದೆ. ಮೂವರಿಗೂ ನಾನು ಋಣಿ.

ಇನ್ನೊಂದೇ ಪ್ರಶ್ನೆ. ಹಿಂದಿನ ಎಂಟು ತಿಂಗಳ ಅಂಕಿಗಳನ್ನೆಲ್ಲ 0.5875ರಿಂದ ಗುಣಿಸಿ ಸರಿಪಡಿಸಿಕೊಳ್ಳಬಹುದೇ?

ಸೀಮೆಸುಣ್ಣ

ಬೇಡ. 0.5875 ಎಂಬುದು ನೀವು ಓದಿಸಿದ ಆ ದಿನದ ಅಂಕಿ. ಮೊದಲ ತಿಂಗಳಲ್ಲಿ ಆ ದ್ರಾವಣ ಇಷ್ಟು ಕೆಟ್ಟಿರಲಿಲ್ಲ, ಹರಳು ಎಷ್ಟು ಕುಳಿತಿತ್ತು ಎಂಬುದೂ ಬಾಟಲಿ ತೆಗೆದ ಪ್ರತಿಸಲ ಬೇರೆಯಾಗಿರುತ್ತದೆ. ಆದರೆ ಒಂದು ದಾರಿ ಇದೆ: ಅದೇ ಸಾರಗಳ 450ರ ಹೀರಿಕೆಯನ್ನು ಅಂದಂದೇ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದರೆ, ಕ್ಯಾರೆಟ್‌ಗಳ ಒಟ್ಟು ಕ್ಯಾರೊಟಿನಾಯ್ಡ್ ಅಂಕಿಗಳನ್ನಾದರೂ ಉಳಿಸಿಕೊಳ್ಳಬಹುದು, ಏಕೆಂದರೆ ಅವು ಆ ಬಾಟಲಿಯನ್ನು ಅವಲಂಬಿಸಿಲ್ಲ. ಸೊಪ್ಪಿನಲ್ಲಿ ಕ್ಲೋರೊಫಿಲ್ ಅಡ್ಡ ಬರುವುದರಿಂದ ಅಲ್ಲಿ ಅದೂ ನಡೆಯುವುದಿಲ್ಲ. ಉಳಿದ ಮಾದರಿಗಳು ಫ್ರೀಜರ್‌ನಲ್ಲಿದ್ದರೆ ಮತ್ತೆ ಅರೆಯಲು ಶುರುಮಾಡಿ. ಅರೆಯುವಾಗ ಚಿಟಿಕೆ ಮೆಗ್ನೀಸಿಯಂ ಕಾರ್ಬೊನೇಟ್ ಹಾಕಿಕೊಳ್ಳಿ, ಸೊಪ್ಪಿನ ಆಮ್ಲದಿಂದ ವಯೊಲಾಝಾಂಥಿನ್ ಎಂಬ ಕ್ಯಾರೊಟಿನಾಯ್ಡ್ ರೂಪ ಬದಲಿಸದಂತೆ ಅದು ಕಾಯುತ್ತದೆ.